ಹಳೇ ಬೆಂಚು

ಮಿನೆಸೋಟ, ಮಂಗಳವಾರ

ನನ್ನ ಮುದ್ದು ಮಾರಿತ್,

ಕೆಲಸ ಬಿಡುತ್ತೇನೆಂದು ನೀನು ಬರೆದದ್ದು ಓದಿ ಕೂತಲ್ಲಿ ಕೂರಲಾಗದೆ, ಮೆಟ್ಟಿಲ ಮೇಲೆ ಇಲ್ಲದ ಹಿಮವನ್ನೂ ಗೋರುತ್ತಿದ್ದೇನೆ. ಈ ಊರಿನ ಕಾಲೇಜು ಹುಡುಗಿಯರಿಗೆ ಹದಿನೆಂಟು ವರ್ಷ ಐಸ್ ಹಾಕಿ ಆಟ ಕಲಿಸಿದವಳು ನೀನು. ಶನಿವಾರ ಬೇರೆ ಕಾಲೇಜು ಸೇರಿ ಎದುರು ತಂಡದ ಮುಖ್ಯ ಕೋಚ್ ಆಗಿ ಬಂದಾಗ ನಿನ್ನ ಕಾಲು ತಾನಾಗಿ ನಮ್ಮೂರ ತಂಡದ ಹಳೇ ಬೆಂಚಿಗೇ ಹೋಯಿತು. "ಏನ್ ಕೋಚಮ್ಮ, ಮನೆ ಮರೆಯಕ್ಕಾಗ್ಲಿಲ್ವಾ?" ಎಂದು ಜನ ನಕ್ಕರು. ನಾನೂ ನಕ್ಕೆ, ಕ್ಷಮಿಸು. ಆದರೆ ತಲೆ ತಗ್ಗಿಸಿ ನಡೆದ ನೀನು ಒಂದನ್ನು ನೋಡಲಿಲ್ಲ. ನಿನ್ನ ಹೊಸ ತಂಡದ ನಾಯಕಿ ಬ್ರಿಯಾನ ನಾವು ಕೂತ ಸಾಲಿನವರೆಗೂ ಐಸ್ ಮೇಲೆ ಜಾರಿ ಬಂದು, ಅಂಗಳದ ಸುತ್ತಲ ಗಾಜಿಗೆ ಹಾಕಿ ಕೋಲು ಬಡಿದು, "ಯಾಕ್ರೀ ನಗ್ತೀರಾ? ಅವ್ರೀಗ ನಮ್ಮೋರು!" ಎಂದು ಕೂಗಿದಳು.

ರಾಜೀನಾಮೆ ಕೊಡಲೇಬೇಕೆಂದಿದ್ದರೆ, ಅದನ್ನು ಕಾಲೇಜಿನ ಕಚೇರಿಗೆ ಕಳಿಸಬೇಡ. ಆ ಹುಡುಗಿಯ ಕೈಗೇ ಕೊಡು.

ನಿನ್ನ ಚಿಕ್ಕಮ್ಮ,
ಸೈಮಾ