ಬೀಬಿಯ ಹೆಸರಿನ ಬೆನ್ನಿಗೆ

ಆಬಾನ್ ೧೦, ೧೩೬೫ (ಇರಾನಿ ಪಂಚಾಂಗ), ಶನಿವಾರ

ಯುದ್ಧದ ಗಡಿಯಲ್ಲಿರುವ ತಮ್ಮ ಇರಜ್‌ಗೆ ಪತ್ರ ಮುಗಿಯಿತು. ಎಂದಿನಂತೆ ಮೊದಲು ಈ ಪುಸ್ತಕದಲ್ಲಿ ಕರಡು, ಆಮೇಲೆ ಒಳ್ಳೆಯ ಕಾಗದಕ್ಕೆ ನಕಲು. ಅಮ್ಮನಿಗೆ ಓದು ಬಾರದು. ಹೇಳುವುದು ಅವಳು, ಬರೆಯುವುದು ನಾನು. ಅರ್ಧ ಪತ್ರ ಸಲಾಮುಗಳೇ. ಹಿರಿಯರಿಂದ ಶುರು... ಹಾಗಾಗಿ ಮೊದಲ ಸಲಾಂ ಅಜ್ಜಿ ಬೀಬಿಯದು.

ಬೀಬಿ ತೀರಿಕೊಂಡು ಹನ್ನೊಂದು ದಿನ. ತಮ್ಮನಿಗೆ ತಿಳಿಸಿಲ್ಲ.

“ಅವನನ್ನ ಸಾಕಿದ್ದೇ ಅವರು,” ಅಂದಳು ಅಮ್ಮ. “ಗೊತ್ತಾದ್ರೆ ಹೇಳದೆ ಕೇಳದೆ ಓಡಿ ಬರ್ತಾನೆ ಕಣೆ. ಯುದ್ಧದಿಂದ ಓಡಿ ಬಂದವರನ್ನ ಏನ್ ಮಾಡ್ತಾರೆ, ಗೊತ್ತಲ್ಲ?”

ಬರೆದೆ: ಬೀಬಿ ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾರೆ. ಸಾಹಿತ್ಯದ ಡಿಗ್ರಿ ಇದಕ್ಕಾದರೂ ಉಪಯೋಗಕ್ಕೆ ಬಂತು. ಅಂಚೆಗೆ ಹಾಕಿ ಬಂದೆ.

ಆಬಾನ್ ೧೧

ಕರಡು ನೋಡಿದೆ. “ಬೀಬಿ, ದೇವರು ಅವರನ್ನು ಕ್ಷಮಿಸಲಿ, ಸಲಾಂ ಹೇಳುತ್ತಾರೆ.”

ಸತ್ತವರ ಹೆಸರಿನ ಬೆನ್ನಿಗೆ ಮಾತ್ರ ಅನ್ನುವ ಮಾತು. ಮನೆಗೆ ಬಂದವರೆಲ್ಲರ ಬಾಯಲ್ಲೂ ಅದೇ. ನನ್ನ ಕೈಗೂ ಅಂಟಿಬಿಟ್ಟಿದೆ. ನಕಲು ಮಾಡುವಾಗ ಬಿಟ್ಟೆನೇ? ನೆನಪಿಲ್ಲ. ಕಣ್ಣು ಮುಚ್ಚಿದರೆ ಇಡೀ ಹಾಳೆ ಕಾಣುತ್ತದೆ, ಆ ಸಾಲೊಂದು ಬಿಟ್ಟು.

ಅಂಚೆ ಕಚೇರಿಗೆ ಓಡಿದೆ. ಕಿಟಕಿಯ ಮುಂದೆ ನಾಲ್ಕು ಗಂಡಸರು. ಬಾಯೇ ಬರಲಿಲ್ಲ. ಗಡಿಯ ಸೈನಿಕರ ಅಂಚೆಚೀಲ ನಿನ್ನೆಯೇ ಹೋಯಿತೆಂದು ಗುಮಾಸ್ತ ಯಾರಿಗೋ ಹೇಳುತ್ತಿದ್ದ. ವಾಪಸ್ ಬಂದೆ.

ಆಬಾನ್ ೧೯

ಪತ್ರವಿಲ್ಲ. ಪಕ್ಕದ ಮನೆಯ ತೂಬಾ ಖಾನುಂ ಬಾಗಿಲಲ್ಲೇ ಹಿಡಿದರು.

“ಏನೇ ಫರ್ಖಂದೆ, ಗಂಡು ನೋಡೋಕೆ ಬಂದ್ರೆ ಅಡುಗೆಮನೆ ಸೇರ್ಕೋತೀಯ, ಪೋಸ್ಟ್‌ಮ್ಯಾನ್ ಬಂದ್ರೆ ಬೀದಿಗೇ ಓಡ್ತೀಯಲ್ಲ! ಅವನಿಗೆ ಐದು ಮಕ್ಕಳು ಕಣಮ್ಮ!”

ನಗಲಾಗಲಿಲ್ಲ.

ಆಜರ್ ೨, ಹೊಸ ತಿಂಗಳು

ಇಲ್ಲ. ಮೊದಲೆಲ್ಲ ಹದಿನೈದು ದಿನಕ್ಕೆ ಬರುತ್ತಿತ್ತು ಎಂದು ಅಮ್ಮ ಬೆರಳು ಮಡಚುತ್ತಾಳೆ. ಅವನು ಹೊರಟೇಬಿಟ್ಟಿದ್ದರೆ? ದಾರಿಯಲ್ಲಿ ಹಿಡಿದಿದ್ದರೆ? ಅಮ್ಮನಿಗೆ ಹೇಳಬೇಕು... ಅನ್ನ ಬಸಿಯುವವರೆಗೂ ಹೇಳಬೇಕೆಂದೇ ನಿಂತಿದ್ದೆ. ಹೇಳಲಿಲ್ಲ.

ಆಜರ್ ೬, ಗುರುವಾರ, ಸಂಜೆ ನಾಲ್ಕು

ಬಂತು. ಅವನದೇ ಕೈಬರಹ. ಅಮ್ಮ ಎದುರು ಕೂತಳು. ಆತುರದಲ್ಲಿ ಓದಿಕೊಂಡು ಹೋದೆ: ಅಮ್ಮನಿಗೆ ಸಲಾಂ, ಅಕ್ಕನಿಗೆ ಸಲಾಂ, ತೂಬಾ ಖಾನುಮರಿಗೂ ಅವರ ಕೋಳಿಗಳಿಗೂ ಸಲಾಂ... ಆಗ ಹೊಳೆಯಿತು. ಬೀಬಿಯ ಹೆಸರಿಲ್ಲ.

“ಬೀಬಿಗೂ ಸಲಾಂ,” ಎಂದು ಸೇರಿಸಿದೆ.

“ಕೋಳಿ ಆದ್ಮೇಲೆ ಬೀಬಿನಾ?” ಅಮ್ಮನ ಮುಖ ಬಿಳಿಚಿತು. “ಏನಿದೆಯೋ ಅದನ್ನ ಓದು.”

ಓದಿದೆ. “ಬೀಬಿಯ ವಿಷಯ ಅಕ್ಕನ ಪತ್ರದಿಂದಲೇ ತಿಳಿಯಿತು. ಓಡಿ ಬರುವುದಿಲ್ಲ, ಹೆದರಬೇಡಿ. ಆದರೆ ಹೇಗಾಯಿತೆಂದು ಬರೆಯಿರಿ. ಬಾಂಬೋ, ಕಾಯಿಲೆಯೋ? ಇಲ್ಲಿ ಕೂತರೆ ಏನೇನೋ ಕಾಣುತ್ತದೆ.”

ನನ್ನ ತಪ್ಪು ಹೇಳಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ.

“ಒಂದ್ ತಿಂಗಳಿಂದ ಒಬ್ಬಳೇ ನುಂಗ್ಕೊಂಡಿದ್ಯಾ, ಹುಚ್ಚೀ?” ಅಂದಳು. ಪತ್ರವನ್ನು ನನ್ನ ಕೈಯಿಂದ ತೆಗೆದು ಮಡಚಿಟ್ಟಳು. “ಪುಸ್ತಕ ತಗೋ. ನಾನ್ ಹೇಳ್ತೀನಿ. ಒಂದಕ್ಷರ ಚೆಂದ ಮಾಡ್ಬೇಡ.”

ಇಲ್ಲೇ ಕರಡು:

ಮಗನೇ, ಬಾಂಬಲ್ಲ. ಅವತ್ತು ಬೆಳಿಗ್ಗೆ ಬೀಬಿ ಟೀ ಕೇಳಿದರು. ಎದೆ ಒತ್ತುತ್ತದೆ, ಇಲ್ಲೇ ಇರು ಅಂದರು. ಮನೆಯಲ್ಲಿ ಸಕ್ಕರೆ ಇರಲಿಲ್ಲ. ತೂಬಾಳ ಮನೆಗೆ ಹೋದೆ. ಮಾತಿಗೆ ಕೂತುಬಿಟ್ಟೆ. ನಾನು ವಾಪಸ್ ಬರುವಷ್ಟರಲ್ಲಿ ಬೀಬಿಯ ಉಸಿರು ನಿಂತಿತ್ತು.