ಗೋಡೆಯಿಂದ ಇಳಿಸಿದ ಮುಖಗಳು

ಮಡಂತ್ಯಾರು
24-7-1962, ಮಂಗಳವಾರ

ಬಂಟ್ವಾಳದ ಫೋಟೊ ಸ್ಟುಡಿಯೋದ ಶ್ರೀ ರುಕ್ಮಯ್ಯನವರಿಗೆ ಪದ್ಮಾಕ್ಷಿಯ ನಮಸ್ಕಾರ.

ಗಂಡನ ಹೆಸರನ್ನು ಹೆಂಡತಿ ಬರೆಯಬಾರದು ಎನ್ನುತ್ತಾರೆ. ನಾಲ್ಕು ವರ್ಷದಿಂದ ಒಂದು ಕಾರ್ಡೂ ಹಾಕದ ಹೆಂಡತಿಗೆ ಆ ನಿಯಮ ಉಂಟೋ ಇಲ್ಲವೋ, ನನಗೆ ಗೊತ್ತಿಲ್ಲ. ನನ್ನ ಅಕ್ಷರ ಎಂದು ತಿಳಿದ ಕೂಡಲೇ ಹರಿದು ಹಾಕಬೇಡಿ. ರಾಜಿಗೆಂದು ಬರೆಯುತ್ತಿಲ್ಲ. ಈ ಊರಿನ ಇಪ್ಪತ್ತಮೂರು ಮನೆಗಳ ಫೋಟೊಗಳನ್ನು ಹಾಳು ಮಾಡಿ ಕೂತಿದ್ದೇನೆ. ನೀವು ಕೈ ಹಿಡಿಯದಿದ್ದರೆ ನನಗೆ ಈ ಊರಿನಲ್ಲಿ ತಲೆ ಎತ್ತಿ ನಡೆಯುವ ದಾರಿ ಇಲ್ಲ.

ನಮ್ಮ ಶಾಲೆಗೆ ಬರುವ ವರ್ಷ ಐವತ್ತು ತುಂಬುತ್ತದೆ. ಐದನೆಯ ಕ್ಲಾಸಿನ ಮಕ್ಕಳಿಗೆ ದೆಹಲಿಯ ಸುಲ್ತಾನರೆಲ್ಲ ಬಾಯಿಪಾಠ. ಅಜ್ಜನ ಅಪ್ಪನ ಹೆಸರು ಕೇಳಿದರೆ ತಲೆ ತುರಿಸುತ್ತಾರೆ. ಊರಿನ ಕಥೆಯನ್ನು ನಾವೇ ಬರೆದಿಡುವ ಎಂಬ ಹುಚ್ಚು ಹತ್ತಿದ್ದು ನನಗೆ. ಬೇಸಗೆ ರಜೆಯಿಡೀ ಮನೆಮನೆ ತಿರುಗಿದೆ. ನೋಣಯ್ಯಜ್ಜ ತಮ್ಮ ದನದ ಹಟ್ಟಿಯಲ್ಲೇ ಶಾಲೆ ಶುರುವಾದದ್ದನ್ನು, ಮೊದಲ ದಿನ ಮಕ್ಕಳಿಗಿಂತ ಕರುಗಳೇ ಹೆಚ್ಚಿದ್ದುದನ್ನು ನಗುತ್ತಾ ಹೇಳಿದರು. ಎರಡು ನೋಟುಪುಸ್ತಕ ತುಂಬಿತು. ಜೊತೆಗೆ ಪ್ರತಿ ಮನೆಯ ಗೋಡೆಯಿಂದ ಒಂದೊಂದು ಫೋಟೊ ಬೇಡಿ ತಂದೆ. ಟೀಚರು ಕೇಳಿದರು ಎಂದು ಎಲ್ಲರೂ ಫ್ರೇಮು ಬಿಚ್ಚಿ ಕೊಟ್ಟರು.

ಅರ್ಧಕ್ಕಿಂತ ಹೆಚ್ಚು ಫೋಟೊಗಳ ಹಿಂದೆ ನಿಮ್ಮ ಸ್ಟುಡಿಯೋದ ಮುದ್ರೆ ಇತ್ತು. ಅವುಗಳಲ್ಲಿ ಹೆಚ್ಚಿನವು ಸತ್ತವರದ್ದು. ಬದುಕಿದ್ದಾಗ ಬಂಟ್ವಾಳಕ್ಕೆ ಬಂದು ಫೋಟೊ ತೆಗೆಸಿದವರು ಇಲ್ಲಿ ಯಾರಿದ್ದಾರೆ? ಉಸಿರು ಹೋದ ಮೇಲೆ ನಿಮಗೆ ಹೇಳಿ ಕಳಿಸುತ್ತಾರೆ, ನೀವು ಬಸ್ಸು ಹತ್ತಿ ಬಂದು ಕುರ್ಚಿಯಲ್ಲಿ ಕೂರಿಸಿ ತೆಗೆಯುತ್ತೀರಿ.

ಆ ಕೆಲಸವೇ ನನಗೆ ಆಗದ್ದು ಎಂದು ನಿಮಗೆ ಗೊತ್ತು. ನಮ್ಮ ಸರಸ ಹೋದ ದಿನ ನಾನು ಅವಳ ಕೂದಲು ಬಾಚಲು ಕೂತಿದ್ದೆ. ನೀವು ಮೂರು ಕಾಲಿನ ಕ್ಯಾಮೆರಾ ತಂದು ಎದುರಿಗೆ ನಿಲ್ಲಿಸಿ ಕರಿಬಟ್ಟೆಯೊಳಗೆ ತಲೆ ಹಾಕಿದಿರಿ. ನಾಲ್ಕು ವರ್ಷದ ಮಗುವಿನ ಹೆಣದ ಮುಂದೆ ಅಪ್ಪ ಅಳಬೇಕಾದ ಹೊತ್ತು ಅದು. ಹದಿಮೂರನೆಯ ದಿನ ಕಳೆದದ್ದೇ ನಾನು ಮನೆ ಬಿಟ್ಟೆ. ಆ ಕೋಪ ಇನ್ನೂ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ.

ಈಗ ನನ್ನ ತಪ್ಪು ಕೇಳಿ. ಫೋಟೊಗಳನ್ನು ದೊಡ್ಡ ಆಲ್ಬಮಿಗೆ ಅಂಟಿಸಲು ಮೈದಾದ ಅಂಟು ಕಾಯಿಸಿದೆ. ಮಳೆಗಾಲ, ಹುಳ ಹಿಡಿದರೆ ಏನು ಗತಿ ಎಂದಾಗ ಪಕ್ಕದ ತೋಟದ ಹುಕ್ರಪ್ಪಣ್ಣ, "ಒಂದು ಚಿಟಿಕೆ ಮೈಲುತುತ್ತು ಹಾಕಿ ಟೀಚರೇ. ಅಡಿಕೆಯ ಕೊಳೆರೋಗವೇ ನಿಲ್ತದೆ ಮತ್ತೆ, ಹುಳ ಯಾವ ಲೆಕ್ಕ?" ಎಂದರು. ನನಗೂ ಸರಿ ಕಂಡಿತು. ಚಿಟಿಕೆ ಎಂದದ್ದನ್ನು ಮುಷ್ಟಿ ಮಾಡಿದೆ. ಹಳಸದಿರಲಿ ಎಂದು ಉಪ್ಪೂ ಹಾಕಿದೆ. ನಿಮಗೆ ಒಂದು ಕಾರ್ಡು ಬರೆದು ಕೇಳಬಹುದಿತ್ತು. ಕೇಳಬೇಕೆಂದು ಅನಿಸಿಯೂ ಇತ್ತು. ಇವರ ಹತ್ತಿರ ಕೇಳುವುದಾ ಎಂಬ ಹಠ ನನ್ನದು.

ಶನಿವಾರ ಆಲ್ಬಮ್ ತೆರೆದೆ. ಅಂಟು ದಪ್ಪವಾಗಿದ್ದ ನಡುಭಾಗವೆಲ್ಲ ತುತ್ತೂ ಉಪ್ಪೂ ಸೇರಿ ಚಿತ್ರವನ್ನೇ ತಿಂದು ಬಿಳಚಿ ಹಳದಿಯಾಗಿದೆ. ನಡುಭಾಗ ಎಂದರೆ ಮುಖ. ಕುರ್ಚಿಯ ಕಾಲು ಉಂಟು, ಅಂಚಿನ ಜರಿಶಾಲು ಉಂಟು, ಮನುಷ್ಯರಿಲ್ಲ. ಬಿಸಿನೀರಿನ ಹಬೆ ಹಿಡಿದು ಬಿಡಿಸಲು ನೋಡಿದೆ. ಎರಡು ಹರಿದೇ ಹೋದವು. ಮೂರು ದಿನದಿಂದ ದಾರಿಯಲ್ಲಿ ಯಾರಾದರೂ "ಟೀಚರೇ" ಎಂದರೆ ಕೇಳದವಳ ಹಾಗೆ ಬೇಗ ಬೇಗ ನಡೆಯುತ್ತೇನೆ.

ಎಲ್ಲಕ್ಕಿಂತ ಹೆದರಿಕೆ ಪೂವಮ್ಮನದ್ದು. ಅವಳ ಮಗ ಚನಿಯಪ್ಪ ಹತ್ತೊಂಬತ್ತನೆಯ ವಯಸ್ಸಿಗೆ ವಿಷಮಜ್ವರದಲ್ಲಿ ತೀರಿಕೊಂಡವ. ನಿಮಗೆ ನೆನಪಿರಬಹುದು, ತಲೆ ನಿಲ್ಲುವುದಿಲ್ಲವೆಂದು ಪೂವಮ್ಮನೇ ಕುರ್ಚಿಯ ಹಿಂದೆ ಬಗ್ಗಿ ಹಿಡಿದುಕೊಂಡಿದ್ದಳು. ಅವಳ ಬೆರಳು ಮಗನ ಕಿವಿಯ ಹತ್ತಿರ ಫೋಟೊದಲ್ಲಿ ಬಿದ್ದಿತ್ತು. ಈಗ ಆ ಬೆರಳುಗಳು ಉಂಟು, ಹಿಡಿದುಕೊಂಡ ಮುಖ ಇಲ್ಲ. ಫೋಟೊ ಕೊಡುವಾಗ ಅವಳು ಸೆರಗಿನಲ್ಲಿ ಒರೆಸಿ ಒರೆಸಿ ಹೇಳಿದ್ದಳು: "ಆಟಿ ತಿಂಗಳಲ್ಲಿ ಇವನಿಗೆ ಬಡಿಸ್ಲಿಕ್ಕುಂಟು ಟೀಚರೇ. ಅಷ್ಟರೊಳಗೆ ತಂದು ಕೊಡಿ, ಆಯ್ತಾ? ಎಲೆ ಹಾಕಿ ನಾನು ಯಾರ ಮುಖ ನೋಡುವುದು?"

ಸತ್ತವರಿಗೆ ಬಡಿಸುವುದನ್ನು ಅವಳು ಬರುವ ಆದಿತ್ಯವಾರಕ್ಕೆ ಇಟ್ಟುಕೊಂಡಿದ್ದಾಳೆ. ನಿನ್ನೆ ಶಾಲೆಯ ಬಾಗಿಲಿಗೇ ಬಂದಿದ್ದಳು. ಫೋಟೊ ಇಟ್ಟ ಬೀರುವಿನ ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ ಉಂಟು ಎಂದು ಸುಳ್ಳು ಹೇಳಿದೆ. ಕೀ ನನ್ನ ಸೊಂಟದಲ್ಲೇ ಇತ್ತು.

ಮತ್ತೆ ಪ್ರಿಂಟು ಹಾಕಲು ನಿಮ್ಮ ಹತ್ತಿರ ಆ ಫೋಟೊಗಳ ಗಾಜಿನ ಪ್ಲೇಟುಗಳು ಇರಬೇಕು. ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ನೀವು ಹಳೆಯ ಪ್ಲೇಟುಗಳ ಚಿತ್ರ ತೊಳೆದು ಫ್ರೇಮಿಗೆ ಗಾಜು ಮಾಡುವುದು ನನಗೆ ಗೊತ್ತು. ಎಷ್ಟನ್ನೋ ನಾನೇ ಬಿಸಿನೀರು ಕಾಯಿಸಿ ತೊಳೆದು ಕೊಟ್ಟಿದ್ದೇನೆ. ಈ ವರ್ಷ ತೊಳೆದಿರಬಾರದು ದೇವರೇ ಎಂದು ಬೇಡುತ್ತಿದ್ದೇನೆ. ಫೋಟೊಗಳ ಹಿಂದೆ ನೀವು ಬರೆದ ನಂಬರುಗಳನ್ನು ಬೇರೆ ಕಾಗದದಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಹದಿನಾಲ್ಕು ಉಂಟು. ಚನಿಯಪ್ಪನದ್ದು 412. ಉಳಿದವಕ್ಕೆ ಆಮೇಲೆ ಪುರುಸೊತ್ತು ಮಾಡಿಕೊಳ್ಳಿ, ಅದೊಂದನ್ನು ಆದಿತ್ಯವಾರದ ಬೆಳಗಿನ ಬಸ್ಸಿಗಾದರೂ ಕಳಿಸಿ. ಪ್ಲೇಟು ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ, ಸುಮ್ಮನಿರಬೇಡಿ. ನಿಮ್ಮ ಕಾಲು ಹಿಡಿಯಬೇಕೆಂದರೆ ಅಲ್ಲಿಗೇ ಬಂದು ಹಿಡಿಯುತ್ತೇನೆ.

ಮನೆಮನೆಯಲ್ಲಿ ನಿಮ್ಮನ್ನು ಹೊಗಳುವುದನ್ನು ಕೇಳಬೇಕಾಯಿತು. ಅವರು ಬಂದು ತೆಗೆದ ಕಾರಣ ಮುಖವಾದರೂ ಉಳಿಯಿತು ಎನ್ನುತ್ತಾರೆ. ನಾನು ಕಾಫಿ ಕುಡಿದು ಎದ್ದು ಬರುತ್ತಿದ್ದೆ.

ಉತ್ತರಕ್ಕೆ ಕಾದಿರುವ,
ಪದ್ಮಾಕ್ಷಿ

ಲಕೋಟೆ ಮುಚ್ಚುವ ಮೊದಲು ಇದನ್ನೂ ಬರೆಯಬೇಕು. ಸರಸಳ ಫೋಟೊದ ಒಂದು ಪ್ರತಿಯನ್ನು ನೀವು ನಿಮ್ಮ ತಮ್ಮನ ಕೈಯಲ್ಲಿ ಕಳಿಸಿದಾಗ, ಒಲೆಗೆ ಹಾಕಿದೆ ಎಂದು ಹೇಳಿ ಕಳಿಸಿದ್ದೆ. ಹಾಕಲಿಲ್ಲ. ನನ್ನ ಸೀರೆಯ ಪೆಟ್ಟಿಗೆಯಲ್ಲಿ ಉಂಟು; ದಿನಾ ನೋಡುತ್ತೇನೆ. ಊರಿನವರ ಹತ್ತಿರವೆಲ್ಲ ಬೇಡಿ ತಂದವಳಿಗೆ ಅದೊಂದನ್ನು ಆಲ್ಬಮಿಗೆ ಕೊಡಲು ಮನಸ್ಸು ಬರಲಿಲ್ಲ. ಈಗ ಅವಳ ಮುಖ ಹಾಗೆಯೇ ಉಂಟು. ಇದನ್ನು ಪೂವಮ್ಮನಿಗೆ ನಾನು ಹೇಗೆ ಹೇಳಲಿ?