ಅವ್ವನ ಕರಿ ಕಂಬಳಿ

ಶಹಾಪುರ, ಗುರುವಾರ

ಕೊಂಕಲ್‌ನಲ್ಲಿರುವ ಅಣ್ಣ ಮಲ್ಕಪ್ಪನಿಗೆ ತಂಗಿ ಮಹಾನಂದಾ ಕಾಲಿಗೆ ಬಿದ್ದು ಬರೆಯುವುದು.

ಭಾನುವಾರ ಸಂಜೆ ಆರಕ್ಕೆ ಇಲ್ಲಿ ನಮ್ಮ ನಾಟಕವಿದೆ. ನಾನೂರು ವರ್ಷದ ಹಿಂದಿನ ಇಂಗ್ಲಿಷ್ ನಾಟಕ. ತಂಡದವರು ಹಿಂದೊಮ್ಮೆ ಆಡಿ ಬಿಟ್ಟಿದ್ದನ್ನು ಮಾಸ್ತರು ಮತ್ತೆ ಎತ್ತಿಕೊಂಡಿದ್ದಾರೆ. ಗಂಡ ಸತ್ತ ರಾಣಿಯೊಬ್ಬಳು ತನ್ನ ದಿವಾನನನ್ನು ಗುಟ್ಟಾಗಿ ಮದುವೆಯಾಗುತ್ತಾಳೆ. ಅದಕ್ಕೆ ಅವಳ ಅಣ್ಣಂದಿರು ಅವಳ ಕೊರಳಿಗೆ ಹಗ್ಗ ಬಿಗಿಸುತ್ತಾರೆ. ರಾಣಿ ನಾನು. ದಿವಾನ ದೇವೀಂದ್ರ.

ನಿನ್ನೆ ತಾಲೀಮಿನಲ್ಲಿ, ಚಹಾ ತಂದಿದ್ದ ಮುದುಕಿ ಹಣಮಮ್ಮ ನಡುವೆ ಬಂದು ಹಗ್ಗ ಕಸಿದುಕೊಂಡಳು.

“ಗಂಡ ಸತ್ತಾಕಿಗೆ ಉಡಿಕಿ ಮದಿವಿ ಮಾಡಿ ಕೊಟ್ಟಿದ್ರ ಮುಗೀತಿತ್ತು. ಇವ ಎಂಥಾ ಅಣ್ಣ?”

“ಆ ಅರಮನ್ಯಾಗ ನಮ್ಮಂಗ ಉಡಿಕಿ ಇದ್ದಿದ್ದಿಲ್ಲಬೇ ಯವ್ವಾ,” ಎಂದರು ಮಾಸ್ತರು. ಎಲ್ಲರೂ ನಕ್ಕರು. ನಾನು, ದೇವೀಂದ್ರ ನಗಲಿಲ್ಲ.

ನನ್ನ ಗಂಡ ತೀರಿ ಆರು ವರ್ಷವಾಯಿತು. ಹೋದ ತಿಂಗಳು ನಾನು ದೇವೀಂದ್ರನ ಹೆಸರು ತೆಗೆದಾಗ ನೀನು ಕುರಿಗೆ ನೀರು ಕುಡಿಸಲು ಎದ್ದು ಹೋದೆ. ಬೈಯಲಿಲ್ಲ. ಆ ಧೈರ್ಯದ ಮೇಲೆ ಒಂದು ಕೆಲಸ ಹೇಳುತ್ತೇನೆ.

ಬರುವಾಗ ಅವ್ವನ ಕರಿ ಕಂಬಳಿ ತಾ. ಸತ್ತ ರಾಣಿಯ ಮೇಲೆ ಹೊದಿಸಲು ಬೇಕು. ಮೊದಲು ಬಿಸಿಲಿಗೆ ಹಾಕಿ ಝಾಡಿಸು, ಧೂಳಿಗೆ ಹೆಣ ಸೀನಬಾರದು. ನಾನು ಸತ್ತ ಕೂಡಲೇ ಎದ್ದು ಹೋಗಬೇಡ.

ನಾಟಕ ಮುಗಿದ ಮೇಲೆ ಕಂಬಳಿಯನ್ನು ನಿನ್ನ ಕೈಗೇ ಕೊಡುತ್ತೇನೆ. ಮಡಚಿ ಊರಿಗೆ ಒಯ್ದರೂ ನಾನು ಏನೂ ಅನ್ನುವುದಿಲ್ಲ. ಹಾಸಿದರೆ, ನಮ್ಮ ಮಂದಿ ಮದುವೆಯಲ್ಲಿ ಕೂಡುವಂತೆ ಅದರ ಮೇಲೆ ಕೂಡಲು ಇಬ್ಬರಿದ್ದೇವೆ.

ನಿನ್ನ ದಾರಿ ನೋಡುವ,
ಮಹಾನಂದಾ